ಗುದ್ದಲಿಗೆ ಮುನ್ನ

ಮನೆಯನ್ನು ಕಟ್ಟುವಾಗ, ಬಾವಿಯನ್ನು ತೋಡುವಾಗ, ಊರಿಗೊಂದು ಶಾಲೆಯನ್ನೋ ಸೇತುವೆಯನ್ನೋ ಆರಂಭಿಸುವಾಗ ನಮ್ಮಲ್ಲಿ ಗುದ್ದಲಿ ಪೂಜೆ ಮಾಡುವ ವಾಡಿಕೆಯುಂಟು. ಹಾರೆ ಗುದ್ದಲಿಗಳಿಗೆ ಅರಿಸಿನ ಕುಂಕುಮ ಹಚ್ಚಿ, ನೆಲಕ್ಕೆ ಹಾಲೆರೆದು, ತೆಂಗಿನಕಾಯಿ ಒಡೆದು, ಭೂಮಿತಾಯಿಯ ಅಪ್ಪಣೆ ಪಡೆದ ಮೇಲೆಯೇ ಮೊದಲ ಗುದ್ದಲಿಯನ್ನು ಹಾಕುತ್ತಾರೆ. ಈ ಆಚರಣೆಯಲ್ಲಿ ಒಂದು ವಿವೇಕವೂ ಅಡಗಿದೆ. ನೆಲವೆಂಬುದು ಬರಿಯ ಮಣ್ಣಿನ ರಾಶಿಯಲ್ಲ. ಅದರ ಒಡಲಲ್ಲಿ ನಾವರಿಯದ ಸಂಗತಿಗಳು ಎಷ್ಟೋ ಇರಬಹುದು. ಆದುದರಿಂದ ಕೇಳದೆ ಅಗೆಯಬಾರದು ಎಂಬುದೇ ಆ ವಿವೇಕ.

ಹಿಂದಿನ ಕಾಲದಲ್ಲಿ ಅಗೆಯುವವನಿಗೆ ಎದುರಾಗುತ್ತಿದ್ದುದು ಮರದ ಬೇರು, ಬಂಡೆ, ಹಾವಿನ ಬಿಲ, ಅಪರೂಪಕ್ಕೊಮ್ಮೆ ಧಾನ್ಯ ತುಂಬುತ್ತಿದ್ದ ಹಳೆಯ ಹಗೇವು. ಇಂದು ನಗರದ ನೆಲದ ಕೆಳಗೆ ಇನ್ನೊಂದು ನಗರವೇ ಹರಡಿಕೊಂಡಿದೆ. ಬೆಂಗಳೂರನ್ನೇ ನೋಡೋಣ. 1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಗಳ ಮೂಲಕ ಈ ಊರಿಗೆ ಬಂದಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದ ನೀರೂ, 1974ರಲ್ಲಿ ದೂರದ ಕಾವೇರಿಯ ನೀರೂ ಬಂದು ಸೇರಿದವು. ಇವುಗಳ ಜೊತೆಗೆ ಒಳಚರಂಡಿಗಳು, ದೂರವಾಣಿಯ ತಂತಿಗಳು, ನೆಲದೊಳಗಿನ ವಿದ್ಯುತ್ ಕೇಬಲ್ಲುಗಳು, ಈಚಿನ ವರ್ಷಗಳಲ್ಲಿ ಅಡುಗೆ ಅನಿಲದ ಕೊಳವೆಗಳು ಮತ್ತು ಬೆಳಕಿನ ಮೂಲಕ ಸಂದೇಶ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ಲುಗಳು ಒಂದರ ಮೇಲೊಂದು, ಒಂದರ ಪಕ್ಕದಲ್ಲೊಂದು ಹಾದುಹೋಗಿವೆ. ಒಬ್ಬರು ಹೂತುದನ್ನು ಇನ್ನೊಬ್ಬರು ಬಲ್ಲವರಲ್ಲ. ಹೂತವರ ನಕ್ಷೆಗಳಲ್ಲಿಯೂ ಕೆಲವು ಕಳೆದುಹೋಗಿವೆ. ಉಳಿದವುಗಳಲ್ಲಿ ಕೆಲವು ನಿಜಕ್ಕೆ ಹೊಂದುವುದಿಲ್ಲ. ಬೇಲಿಯ ಪಕ್ಕದಲ್ಲಿ ಹಾಕಬೇಕೆಂದು ನಕ್ಷೆ ಬರೆದಿದ್ದರೂ, ಅಲ್ಲಿ ಬಂಡೆಯೊಂದು ಅಡ್ಡ ಬಂದುದರಿಂದ ಕೆಲಸಗಾರರು ಕೊಳವೆಯನ್ನು ಎರಡು ಮಾರು ಈಚೆಗೆ ತಿರುಗಿಸಿರುತ್ತಾರೆ. ಆ ತಿರುವು ಕಾಗದದ ಮೇಲೆ ಮೂಡಿರುವುದಿಲ್ಲ. ಮುಂದೆ ರಸ್ತೆ ಅಗಲವಾಗಿ ಆ ಬೇಲಿಯೇ ಇಲ್ಲವಾಗುತ್ತದೆ.

ಹೀಗೆ ಅರಿಯದ ನೆಲಕ್ಕೆ ಯಂತ್ರವನ್ನು ಇಳಿಸಿದರೆ ಏನಾಗುತ್ತದೆ? ಬಹುಮಟ್ಟಿಗೆ ನೀರಿನ ಕೊಳವೆ ಒಡೆದು ಬೀದಿಯೆಲ್ಲ ಕೆಸರಾಗುತ್ತದೆ. ಅಥವಾ ಕೇಬಲ್ಲು ತುಂಡಾಗಿ ಬಡಾವಣೆಯ ದೂರವಾಣಿಗಳು ಮೂಕವಾಗುತ್ತವೆ. ಆದರೆ ಎಲ್ಲ ಸಲವೂ ಕೇಡು ಅಷ್ಟಕ್ಕೇ ನಿಲ್ಲುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಡೇಗು ಎಂಬ ದೊಡ್ಡ ನಗರವಿದೆ. 1995ರ ಏಪ್ರಿಲ್ 28ರಂದು ಅಲ್ಲಿ ಕಟ್ಟಡವೊಂದರ ಕೆಲಸಕ್ಕಾಗಿ ನೆಲವನ್ನು ಕೊರೆಯುತ್ತಿದ್ದಾಗ, ಕೊರೆಯುವ ಯಂತ್ರದ ಮೊನೆ ಅನಿಲದ ಕೊಳವೆಯೊಂದನ್ನು ಚುಚ್ಚಿತು. ಸೋರಿದ ಅನಿಲವು ಚರಂಡಿಯ ದಾರಿಯಿಂದ ಹರಿದು, ಸಮೀಪದಲ್ಲಿ ಕಟ್ಟುತ್ತಿದ್ದ ನೆಲದಡಿಯ ರೈಲುಮಾರ್ಗದ ಹಳ್ಳದಲ್ಲಿ ತುಂಬಿಕೊಂಡಿತು. ಬೆಳಗಿನ ಎಂಟು ಗಂಟೆಗೆ ತುಸು ಮೊದಲು ಅದು ಹೊತ್ತಿಕೊಂಡು ಸಿಡಿಯಿತು. ಜನರು ಕೆಲಸಕ್ಕೂ ಮಕ್ಕಳು ಶಾಲೆಗೂ ಹೊರಟಿದ್ದ ಹೊತ್ತು ಅದು. ಆ ದಿನ 101 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ವಿದ್ಯಾರ್ಥಿಗಳು. ಬೆಲ್ಜಿಯಂ ದೇಶದ ಗಿಲೆಂಗಿಯನ್ ಎಂಬಲ್ಲಿ 2004ರ ಜುಲೈ 30ರಂದು ಇಂಥದೇ ದುರಂತ ನಡೆಯಿತು. ನಿರ್ಮಾಣದ ಕೆಲಸದಲ್ಲಿ ಯಂತ್ರದ ಪೆಟ್ಟು ತಿಂದಿದ್ದ ಅನಿಲದ ದೊಡ್ಡ ಕೊಳವೆ ಆಗಲೇ ಒಡೆಯಲಿಲ್ಲ. ಮುಂದೆ ಒಂದು ದಿನ ಅನಿಲದ ಒತ್ತಡ ಹೆಚ್ಚಿದಾಗ ಸಿಡಿದು 24 ಜನರನ್ನು ಬಲಿ ತೆಗೆದುಕೊಂಡಿತು. ನೆಲದಲ್ಲಿ ಏನಿದೆಯೆಂದು ಮೊದಲೇ ತಿಳಿದುಕೊಳ್ಳುವುದು ಹಣದ ಉಳಿತಾಯ ಮಾತ್ರವಲ್ಲ, ಪ್ರಾಣದ ರಕ್ಷಣೆಯೂ ಹೌದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಅಗೆಯದೆ ತಿಳಿಯುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯನ್ನು ನೀವು ನೋಡಿರಬಹುದು. ಆಕೆ ಮಡಕೆಯನ್ನು ಎತ್ತಿ ಹಿಡಿದು ಬೆರಳಿನಿಂದ ತಟ್ಟುತ್ತಾಳೆ. ಹೊರಡುವ ನಾದವನ್ನು ಕೇಳಿ ಒಳಗೆ ಬಿರುಕಿದೆಯೋ ಇಲ್ಲವೋ ಎಂದು ನಿರ್ಧರಿಸುತ್ತಾಳೆ. ವೈದ್ಯರು ರೋಗಿಯ ಎದೆಯ ಮೇಲೆ ಬೆರಳಿಟ್ಟು ಬಡಿದು ನೋಡುವುದೂ ಇದೇ ಉಪಾಯದಿಂದ. ಒಡೆಯದೆ, ಬಗೆಯದೆ, ಹೊರಗಿನಿಂದ ಒಂದು ಸಂಕೇತವನ್ನು ಕಳುಹಿಸಿ, ಒಳಗಿನಿಂದ ಬರುವ ಮಾರುತ್ತರವನ್ನು ಆಲಿಸುವುದು ಈ ಎಲ್ಲದರ ಮರ್ಮ. ನೆಲವನ್ನು ಹೀಗೆ ರೇಡಿಯೋ ಅಲೆಗಳಿಂದ ತಟ್ಟಿ ಕೇಳುವ ಉಪಕರಣವೇ ಭೂಭೇದಕ ರೇಡಾರ್.

ರೇಡಾರ್ ಎಂದೊಡನೆ ನಮಗೆ ವಿಮಾನಗಳೂ ಯುದ್ಧನೌಕೆಗಳೂ ನೆನಪಾಗುತ್ತವೆ. ಆಕಾಶಕ್ಕೆ ರೇಡಿಯೋ ಅಲೆಗಳನ್ನು ಬಿಟ್ಟು, ವಿಮಾನಕ್ಕೆ ತಾಗಿ ಹಿಂದಿರುಗುವ ಅಲೆಗಳನ್ನು ಹಿಡಿದು, ಅವು ಹೋಗಿ ಬರಲು ತೆಗೆದುಕೊಂಡ ಕಾಲದಿಂದ ದೂರವನ್ನು ಗಣಿಸುವುದು ಅದರ ಕ್ರಮ. ಜರ್ಮನಿಯ ಕ್ರಿಸ್ಟಿಯನ್ ಹುಲ್ಸ್‌ಮೇಯರ್ ಎಂಬಾತನು 1904ರಲ್ಲಿಯೇ ರೇಡಿಯೋ ಅಲೆಗಳಿಂದ ದೂರದ ಹಡಗುಗಳನ್ನು ಪತ್ತೆಮಾಡುವ ಸಾಧನವನ್ನು ರಚಿಸಿದ್ದನು. ಇದಾದ ಆರೇ ವರ್ಷಗಳಲ್ಲಿ, 1910ರಲ್ಲಿ, ಲೈಂಬಾಕ್ ಮತ್ತು ಲೋವಿ ಎಂಬಿಬ್ಬರು ಇದೇ ಅಲೆಗಳನ್ನು ನೆಲದೊಳಗಿನ ವಸ್ತುಗಳನ್ನು ಹುಡುಕಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1929ರಲ್ಲಿ ಆಸ್ಟ್ರಿಯಾ ದೇಶದ ಹಿಮನದಿಯೊಂದರ ದಪ್ಪವನ್ನು ರೇಡಿಯೋ ಅಲೆಗಳಿಂದ ಅಳೆಯಲಾಯಿತು. 1972ರಲ್ಲಿ ಅಪೋಲೋ 17ರ ಯಾತ್ರಿಕರು ಚಂದ್ರನ ನೆಲದ ಒಳಪದರಗಳನ್ನು ಅರಿಯುವ ಇಂಥ ಉಪಕರಣಗಳನ್ನು ಕೊಂಡೊಯ್ದಿದ್ದರು. 2021ರಲ್ಲಿ ಮಂಗಳ ಗ್ರಹದ ಮೇಲಿಳಿದ ಪರ್ಸಿವಿಯರೆನ್ಸ್ ಗಾಲಿಬಂಡಿಯಲ್ಲಿಯೂ ಭೂಭೇದಕ ರೇಡಾರ್ ಇದೆ. ಚಂದ್ರ ಮಂಗಳಗಳ ನೆಲವನ್ನು ಪರೀಕ್ಷಿಸಿದ ಈ ವಿದ್ಯೆ ನಮ್ಮ ಬೀದಿಯ ಕೊಳವೆಗಳನ್ನು ಹುಡುಕುವ ಕೆಲಸಕ್ಕೂ ಒದಗಿದೆ.

ಈ ಯಂತ್ರ ನೋಡಲು ಸರಳವಾದುದು. ಮೂರು ನಾಲ್ಕು ಗಾಲಿಗಳ ಒಂದು ತಳ್ಳುಗಾಡಿ. ಅದರ ತಳದಲ್ಲಿ ನೆಲಕ್ಕೆ ಹತ್ತಿಕೊಂಡಂತೆ ಒಂದು ಪೆಟ್ಟಿಗೆ. ಹಿಡಿಕೆಯ ಬಳಿ ಒಂದು ಪರದೆ. ಪೆಟ್ಟಿಗೆಯೊಳಗೆ ಎರಡು ಆಂಟೆನಾಗಳಿರುತ್ತವೆ. ಒಂದು ಅತ್ಯಂತ ಕಿರಿದಾದ ರೇಡಿಯೋ ಮಿಡಿತವನ್ನು ನೆಲಕ್ಕೆ ಕಳುಹಿಸುತ್ತದೆ; ಇನ್ನೊಂದು ಹಿಂದಿರುಗಿದ ಮಿಡಿತವನ್ನು ಹಿಡಿಯುತ್ತದೆ. ಗಾಲಿಗೆ ಜೋಡಿಸಿದ ಮಾಪಕವು ಗಾಡಿ ಎಷ್ಟು ದೂರ ಸಾಗಿತೆಂಬುದನ್ನು ಲೆಕ್ಕವಿಡುತ್ತದೆ. ಗಾಡಿಯನ್ನು ನೆಲದ ಮೇಲೆ ಮೆಲ್ಲನೆ ತಳ್ಳಿಕೊಂಡು ಹೋದಂತೆ ಪರದೆಯ ಮೇಲೆ ನೆಲದ ಸೀಳುನೋಟವೊಂದು ಮೂಡುತ್ತ ಹೋಗುತ್ತದೆ.

ನೆಲಕ್ಕಿಳಿದ ಅಲೆ ಎಲ್ಲಿಂದ ಹಿಂದಿರುಗುತ್ತದೆ? ಒಂದೇ ಬಗೆಯ ಮಣ್ಣಿನಲ್ಲಿ ಅದು ಸುಮ್ಮನೆ ಮುಂದೆ ಸಾಗುತ್ತದೆ. ವಿದ್ಯುತ್ತಿನ ಗುಣದಲ್ಲಿ ಮಣ್ಣಿಗಿಂತ ಬೇರೆಯಾದ ವಸ್ತುವೊಂದು ಎದುರಾದಾಗ ಅದರ ಒಂದಂಶ ಅಲ್ಲಿಂದ ಪ್ರತಿಫಲನಗೊಳ್ಳುತ್ತದೆ. ಈ ಗುಣವನ್ನು ಅಳೆಯುವ ಸಂಖ್ಯೆಗೆ ಪರಾವೈದ್ಯುತ ಸ್ಥಿರಾಂಕವೆಂದು ಹೆಸರು. ಗಾಳಿಗೆ ಅದು 1. ಒಣಮರಳಿಗೆ ಸುಮಾರು 4. ನೀರಿಗೆ ಸುಮಾರು 80. ವ್ಯತ್ಯಾಸ ಹೆಚ್ಚಾದಷ್ಟೂ ಪ್ರತಿಫಲನ ಬಲವಾಗುತ್ತದೆ. ಲೋಹವಂತೂ ತನಗೆ ತಾಗಿದ ಅಲೆಯನ್ನು ಬಹುತೇಕ ಪೂರ್ತಿಯಾಗಿ ಹಿಂದಕ್ಕೆ ಕಳುಹಿಸುತ್ತದೆ. ಲೋಹಶೋಧಕ ಯಂತ್ರಗಳು ಕಬ್ಬಿಣದ ಕೊಳವೆಯನ್ನು ಕಂಡುಹಿಡಿದಾವು. ಪ್ಲಾಸ್ಟಿಕ್ ಕೊಳವೆಯ ಮುಂದೆ ಅವು ಕುರುಡು. ಭೂಭೇದಕ ರೇಡಾರ್ ಹಾಗಲ್ಲ. ಕೊಳವೆ ಪ್ಲಾಸ್ಟಿಕ್ಕಿನದಾಗಲಿ, ಕಾಂಕ್ರೀಟಿನದಾಗಲಿ, ಅದು ಸುತ್ತಲ ಮಣ್ಣಿಗಿಂತ ಭಿನ್ನವಾಗಿದ್ದರೆ ಸಾಕು, ಪತ್ತೆಯಾಗುವ ಸಂಭವವಿದೆ. ಈಗಿನ ನೀರಿನ ಮತ್ತು ಅನಿಲದ ಕೊಳವೆಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನವಾದುದರಿಂದ ಈ ಗುಣಕ್ಕೆ ವಿಶೇಷವಾದ ಬೆಲೆಯಿದೆ.

ಇನ್ನು ಆಳದ ಲೆಕ್ಕ. ರೇಡಿಯೋ ಅಲೆಯೂ ಬೆಳಕಿನ ವೇಗದಲ್ಲಿಯೇ ಚಲಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೋಸೆಕೆಂಡು ಎನ್ನುತ್ತಾರೆ. ಅಷ್ಟು ಅಲ್ಪ ಕಾಲದಲ್ಲಿ ಅಲೆಯು ಗಾಳಿಯಲ್ಲಿ 30 ಸೆಂಟಿಮೀಟರು ಸಾಗುತ್ತದೆ. ಬೇರೆ ವಸ್ತುವಿನಲ್ಲಿ ಅದರ ವೇಗ ತಗ್ಗುತ್ತದೆ. ಎಷ್ಟು ತಗ್ಗುತ್ತದೆಂಬುದನ್ನು ಕಾಣಲು ಆ ವಸ್ತುವಿನ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಬೇಕು. ಮಣ್ಣಿನ ಸ್ಥಿರಾಂಕ 9 ಎಂದು ಭಾವಿಸೋಣ. 9ರ ವರ್ಗಮೂಲ 3. ಆದುದರಿಂದ ವೇಗ ನ್ಯಾನೋಸೆಕೆಂಡಿಗೆ 10 ಸೆಂಟಿಮೀಟರು. ಆ ಮಣ್ಣಿನಲ್ಲಿ ಒಂದು ಮೀಟರು ಆಳದಲ್ಲಿ ಕೊಳವೆಯಿದ್ದರೆ ಅಲೆಯು ಇಳಿಯಲು 10, ಏರಲು 10, ಒಟ್ಟು 20 ನ್ಯಾನೋಸೆಕೆಂಡು ಬೇಕು. ಯಂತ್ರ ಅಳೆಯುವುದು ಈ 20 ನ್ಯಾನೋಸೆಕೆಂಡನ್ನೇ ಹೊರತು ಒಂದು ಮೀಟರನ್ನಲ್ಲ. ಮಣ್ಣಿನಲ್ಲಿ ಅಲೆಯ ವೇಗವನ್ನು ನಾವು ತಪ್ಪಾಗಿ ಊಹಿಸಿದರೆ ಆಳದ ಲೆಕ್ಕವೂ ತಪ್ಪುತ್ತದೆ. ಮಳೆ ಬಂದು ನೆಲ ನೆನೆದ ಮರುದಿನ ಅದೇ ಕೊಳವೆ ಇನ್ನೂ ಆಳಕ್ಕೆ ಇಳಿದಂತೆ ತೋರಿದರೆ ಆಶ್ಚರ್ಯವಿಲ್ಲ. ಕೊಳವೆ ಕದಲಿರುವುದಿಲ್ಲ, ನೀರಿನ ಅಂಶ ಹೆಚ್ಚಿ ಅಲೆ ನಿಧಾನವಾಗಿರುತ್ತದೆ.

ಪರದೆಯ ಮೇಲೆ ಕೊಳವೆಯು ಕೊಳವೆಯಾಗಿ ಕಾಣುವುದೆಂದು ಯಾರೂ ತಿಳಿಯಬಾರದು. ಅಲ್ಲಿ ಕಾಣುವುದು ಬೋರಲು ಹಾಕಿದ ಬಟ್ಟಲಿನ ಅಂಚಿನಂತೆ ಬಾಗಿದ ಒಂದು ಗೆರೆ. ಗಣಿತದಲ್ಲಿ ಇದನ್ನು ಅತಿಪರವಲಯವೆನ್ನುತ್ತಾರೆ. ಇದು ಮೂಡುವ ಬಗೆಯನ್ನು ಪೈಥಾಗೊರಸನ ಪ್ರಮೇಯ ಬಲ್ಲ ವಿದ್ಯಾರ್ಥಿಯು ಸುಲಭವಾಗಿ ತಿಳಿಯಬಹುದು. ಅಲೆಯು ಸೂಜಿಯಂತೆ ನೇರವಾಗಿ ಕೆಳಗಿಳಿಯುವುದಿಲ್ಲ. ದೀಪದ ಬೆಳಕಿನಂತೆ ಹಿಂದಕ್ಕೂ ಮುಂದಕ್ಕೂ ಹರಡುತ್ತದೆ. ಆದುದರಿಂದ ಗಾಡಿಯು ಕೊಳವೆಯ ನೆತ್ತಿಗೆ ಬರುವ ಮೊದಲೇ ಅದಕ್ಕೆ ಕೊಳವೆಯ ಮಾರುತ್ತರ ಕೇಳತೊಡಗುತ್ತದೆ. ನಮ್ಮ ಉದಾಹರಣೆಯ ಕೊಳವೆಯಿಂದ ಗಾಡಿ ಒಂದು ಮೀಟರು ಈಚೆಗಿದೆಯೆನ್ನೋಣ. ಕೊಳವೆಗೆ ಇರುವ ಓರೆಯಾದ ದೂರ 2ರ ವರ್ಗಮೂಲ, ಎಂದರೆ ಸುಮಾರು 1.41 ಮೀಟರು, ಅಲೆ ಹೋಗಿ ಬರಲು ಸುಮಾರು 28 ನ್ಯಾನೋಸೆಕೆಂಡು ಬೇಕು. ಗಾಡಿ ಮುಂದೆ ಬಂದಂತೆ ಈ ಕಾಲ ಕಡಿಮೆಯಾಗುತ್ತ ನೆತ್ತಿಯ ಮೇಲೆ 20ಕ್ಕೆ ಇಳಿಯುತ್ತದೆ. ದಾಟಿ ಹೋದಂತೆ ಮತ್ತೆ ಹೆಚ್ಚುತ್ತದೆ. ಈ ಕಾಲಗಳನ್ನು ಸಾಲಾಗಿ ಬರೆದರೆ ಮೂಡುವ ಆಕಾರವೇ ಆ ಬಾಗಿದ ಗೆರೆ. ಕೊಳವೆ ಇರುವುದು ಅದರ ಶಿಖರದ ಕೆಳಗೆ. ಗೆರೆಯ ಇಳಿಜಾರಿನಿಂದ ಆ ಮಣ್ಣಿನಲ್ಲಿ ಅಲೆಯ ವೇಗವನ್ನೂ ಕಂಡುಕೊಳ್ಳಬಹುದು.

ಆದರೆ ಗಾಡಿಯು ಕೊಳವೆಗೆ ಅಡ್ಡವಾಗಿ ಸಾಗಿದಾಗ ಮಾತ್ರ ಈ ಆಕಾರ ಮೂಡುತ್ತದೆ. ಕೊಳವೆಯ ಉದ್ದಕ್ಕೆ, ಅದರ ಮೇಲೆಯೇ ಸಾಗಿದರೆ ದೂರ ಬದಲಾಗುವುದಿಲ್ಲ. ಬರಿಯ ನೇರ ಗೆರೆಯೊಂದು ಕಾಣುತ್ತದೆ. ಅನುಭವವಿಲ್ಲದವನು ಅದನ್ನು ಮಣ್ಣಿನ ಪದರವೆಂದು ತಿಳಿದು ಬಿಟ್ಟುಬಿಡಬಹುದು. ಆದುದರಿಂದ ಪಗಡೆಯ ಹಾಸಿನಂತೆ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆಗಳನ್ನು ಎಳೆದುಕೊಂಡು, ಎರಡೂ ದಿಕ್ಕಿನಲ್ಲಿ ಗಾಡಿಯನ್ನು ನಡೆಸುವುದು ರೂಢಿ.

ಎಲ್ಲ ಸಾಧನಗಳಂತೆ ಇದಕ್ಕೂ ಮಿತಿಗಳುಂಟು. ಮೊದಲನೆಯದು ಆಳಕ್ಕೂ ಸೂಕ್ಷ್ಮತೆಗೂ ಇರುವ ವಿರೋಧ. ಕಡಿಮೆ ಆವೃತ್ತಿಯ, ಎಂದರೆ 100 ಮೆಗಾಹರ್ಟ್ಸ್‌ನಂತಹ ಅಲೆಗಳು ಆಳಕ್ಕೆ ಇಳಿಯುತ್ತವೆ. ಆದರೆ ಅವುಗಳ ಉದ್ದ ನಮ್ಮ ಉದಾಹರಣೆಯ ಮಣ್ಣಿನಲ್ಲಿ ಒಂದು ಮೀಟರಿನಷ್ಟಾಗುವುದರಿಂದ ಚಿಕ್ಕ ವಸ್ತುಗಳು ಅವುಗಳ ಗಮನಕ್ಕೆ ಬರುವುದಿಲ್ಲ. 400 ಮೆಗಾಹರ್ಟ್ಸ್‌ನ ಅಲೆಯ ಉದ್ದ 25 ಸೆಂಟಿಮೀಟರು. ಅದು ಚಿಕ್ಕ ಕೊಳವೆಯನ್ನೂ ಗುರುತಿಸುತ್ತದೆ, ಆದರೆ ಬೇಗನೆ ಬಳಲುತ್ತದೆ. ಬೀದಿಯ ಕೊಳವೆಗಳನ್ನು ಹುಡುಕಲು ಸಾಮಾನ್ಯವಾಗಿ ಈ ಮಧ್ಯದ ಆವೃತ್ತಿಗಳನ್ನೇ ಬಳಸುತ್ತಾರೆ.

ಎರಡನೆಯ ಮಿತಿ ಮಣ್ಣಿನದು. ಒಣಮರಳಿನಲ್ಲಿ ರೇಡಾರ್ ಹಲವು ಮೀಟರು ಆಳವನ್ನು ಕಾಣಬಲ್ಲುದು; ಒದ್ದೆಯಾದ ಜೇಡಿಮಣ್ಣಿನಲ್ಲಿ ಒಂದು ಮೀಟರನ್ನೂ ಕಾಣಲಾರದೆ ಹೋಗಬಹುದು. ಜೇಡಿಯೂ ಉಪ್ಪಿನ ಅಂಶವೂ ತೇವದೊಡನೆ ಸೇರಿ ವಿದ್ಯುತ್ತನ್ನು ಹರಿಯಗೊಡುತ್ತವೆ. ಅಲೆಯ ಶಕ್ತಿ ಅಲ್ಲಿಯೇ ಶಾಖವಾಗಿ ಕರಗಿಹೋಗುತ್ತದೆ. ವಿಜಯಪುರ, ಕಲಬುರಗಿಗಳ ಎರೆಮಣ್ಣು ಹತ್ತಿಗೆ, ಜೋಳಕ್ಕೆ ಎಷ್ಟು ಒಳ್ಳೆಯದೋ ಈ ಯಂತ್ರಕ್ಕೆ ಅಷ್ಟೇ ಕಷ್ಟದ್ದು. ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಜೇಡಿಯ ಗುಣವೇ ಇದಕ್ಕೆ ಕಾರಣ. ಬೇಸಗೆಯಲ್ಲಿ ಒಣಗಿದ ಮರಳುಗೂಡಿದ ಕೆಂಪುಮಣ್ಣು ಇದಕ್ಕೆ ಹೆಚ್ಚು ಅನುಕೂಲ.

ಮೂರನೆಯದು ಅರ್ಥೈಸುವ ಕಷ್ಟ. ದುಂಡುಕಲ್ಲು, ಮರದ ದಪ್ಪ ಬೇರು, ನೆಲದೊಳಗಿನ ಪೊಳ್ಳು, ಇವೂ ಬಾಗಿದ ಗೆರೆಯನ್ನೇ ಮೂಡಿಸುತ್ತವೆ. ಗೆರೆಯು ಅಲ್ಲಿ ಏನೋ ಇದೆಯೆಂದು ಹೇಳುತ್ತದೆ. ಅದು ನೀರಿನ ಕೊಳವೆಯೋ ಅನಿಲದ ಕೊಳವೆಯೋ ಎಂದು ಹೇಳುವುದಿಲ್ಲ. ಅಕ್ಕಪಕ್ಕದ ಗೆರೆಗಳಲ್ಲಿ ಅದೇ ಗುರುತು ಸಾಲಾಗಿ ಕಂಡರೆ ಅದು ಕೊಳವೆಯಿರಬಹುದು. ಒಂದೇ ಕಡೆ ಕಂಡು ಮರೆಯಾದರೆ ಕಲ್ಲಿರಬಹುದು. ಇದಕ್ಕೆ ಬೇಕಾದುದು ಅಭ್ಯಾಸ ಮತ್ತು ತಾಳ್ಮೆ. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯಲ್ಲಿ ಏನೂ ಕಾಣದಿದ್ದಾಗ ನೆಲದಲ್ಲಿ ಏನೂ ಇಲ್ಲವೆಂದು ಹೇಳದಿರುವ ಪ್ರಾಮಾಣಿಕತೆ ಬೇಕು. ಕಾಣಲಿಲ್ಲವೆಂಬುದು ಬೇರೆ, ಇಲ್ಲವೆಂಬುದು ಬೇರೆ. ಈ ಎರಡರ ನಡುವಣ ಅಂತರವನ್ನು ಮರೆತರೆ ಅಗೆಯುವವನ ಪ್ರಾಣಕ್ಕೆ ಸಂಚಕಾರ ಬರಬಹುದು.

ಆದುದರಿಂದ ನುರಿತ ಎಂಜಿನಿಯರುಗಳು ರೇಡಾರನ್ನು ಒಂಟಿಯಾಗಿ ನೆಚ್ಚುವುದಿಲ್ಲ. ಮೊದಲು ಎಲ್ಲ ಇಲಾಖೆಗಳ ಹಳೆಯ ನಕ್ಷೆಗಳನ್ನು ತರಿಸಿ ನೋಡುತ್ತಾರೆ. ಬಳಿಕ ಬೀದಿಯಲ್ಲಿ ನಡೆದು ಮ್ಯಾನ್‌ಹೋಲ್ ಮುಚ್ಚಳ, ನೀರಿನ ವಾಲ್ವು, ತೇಪೆ ಹಾಕಿದ ಟಾರು ಮುಂತಾದ ಕುರುಹುಗಳನ್ನು ಗುರುತಿಸುತ್ತಾರೆ. ಲೋಹದ ಕೊಳವೆ ಕೇಬಲ್ಲುಗಳನ್ನು ವಿದ್ಯುತ್ಕಾಂತೀಯ ಶೋಧಕದಿಂದ ಹಿಂಬಾಲಿಸುತ್ತಾರೆ. ಆಮೇಲೆ ರೇಡಾರ್ ಗಾಡಿಯನ್ನು ನಡೆಸುತ್ತಾರೆ. ಕೊನೆಗೆ, ಸಂದೇಹವಿರುವ ಸ್ಥಳಗಳಲ್ಲಿ ಯಂತ್ರವನ್ನು ಇಳಿಸದೆ, ಕೈಯಿಂದ ಎಚ್ಚರಿಕೆಯಾಗಿ ಚಿಕ್ಕ ಗುಂಡಿ ತೋಡಿ ಕಣ್ಣಾರೆ ನೋಡಿ ನಿಶ್ಚಯಿಸುತ್ತಾರೆ. ಕಂಡುದನ್ನೆಲ್ಲ ಹೊಸ ನಕ್ಷೆಯಲ್ಲಿ ಬರೆದಿಡುತ್ತಾರೆ. ಯಾವುದು ಕಣ್ಣಾರೆ ಕಂಡುದು, ಯಾವುದು ಉಪಕರಣ ಹೇಳಿದುದು, ಯಾವುದು ಹಳೆಯ ಕಾಗದವನ್ನು ನಂಬಿ ಬರೆದುದು ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸಬೇಕೆಂದು ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು 2002ರಲ್ಲಿಯೂ ಬ್ರಿಟನ್ನಿನ ಮಾನಕ ಸಂಸ್ಥೆಯು 2014ರಲ್ಲಿಯೂ ಪ್ರಕಟಿಸಿದ ಮಾನಕಗಳು ವಿಧಿಸಿವೆ.

ಅಗೆಯುವ ಮುನ್ನ ಕೇಳಬೇಕೆಂಬ ನಿಯಮವೂ ಹಲವು ದೇಶಗಳಲ್ಲಿ ನೆಲೆಗೊಂಡಿದೆ. ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ದೂರವಾಣಿ ಸಂಖ್ಯೆಗೆ ಕರೆಮಾಡಿ ತಿಳಿಸಿದರೆ, ಸಂಬಂಧಪಟ್ಟವರು ಬಂದು ನೆಲದ ಮೇಲೆ ಬಣ್ಣದ ಗುರುತು ಹಾಕುತ್ತಾರೆ: ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಚರಂಡಿಗೆ ಹಸಿರು. ನಮ್ಮ ದೇಶದಲ್ಲಿ ಅಗೆತದಿಂದ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಆಪ್ಟಿಕಲ್ ಫೈಬರ್ ಕೇಬಲ್ಲುಗಳು ತುಂಡಾಗುತ್ತಿದ್ದು, ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆಯೆಂದು ಕೇಂದ್ರ ಸರ್ಕಾರವು 2023ರಲ್ಲಿ ತಿಳಿಸಿತು. ಆ ವರ್ಷದ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಸಾಧನವನ್ನು ಜಾರಿಗೆ ತಂದಿತು. ಅಗೆಯುವವರು ಅದರಲ್ಲಿ ಸ್ಥಳವನ್ನು ತಿಳಿಸಿದರೆ, ಅಲ್ಲಿ ಕೊಳವೆ ಕೇಬಲ್ಲುಗಳನ್ನು ಹೂತವರಿಗೆ ಸೂಚನೆ ಹೋಗುತ್ತದೆ.

ಯಂತ್ರವೂ ಇದೆ, ನಿಯಮವೂ ಇದೆ. ಇವೆರಡನ್ನೂ ಸಾರ್ಥಕಗೊಳಿಸುವುದು ಮನುಷ್ಯನ ಎಚ್ಚರ. ನೆಲವನ್ನು ಅಗೆಯಲು ಇಳಿಯುವವನು ಬಹುಮಟ್ಟಿಗೆ ದೂರದ ಊರಿನಿಂದ ಕೂಲಿಗೆ ಬಂದ ಬಡವ. ನಕ್ಷೆಯನ್ನು ಅವನು ಬರೆದವನಲ್ಲ. ಎಲ್ಲಿ ಅಗೆಯಬೇಕೆಂದು ನಿರ್ಧರಿಸಿದವನೂ ಅಲ್ಲ. ಆದರೂ ತಪ್ಪಿದ ನಕ್ಷೆಯ ಮೊದಲ ಪೆಟ್ಟು ಬೀಳುವುದು ಅವನ ಮೇಲೆ. ಒಂದು ದಿನ ತಡವಾದರೂ ಚಿಂತೆಯಿಲ್ಲ, ನೋಡಿಯೇ ಅಗೆಯೋಣ ಎಂದು ಹೇಳುವ ಅಧಿಕಾರಿಯು ಆ ಕೂಲಿಕಾರನ ಮನೆಯ ದೀಪವನ್ನು ಕಾಯುತ್ತಾನೆ. ಹೂತ ಕೊಳವೆಯ ಸ್ಥಾನವನ್ನು ಸರಿಯಾಗಿ ಬರೆದಿಡುವ ಗುಮಾಸ್ತನು ತಾನೆಂದೂ ಕಾಣದ ಮುಂದಿನ ತಲೆಮಾರಿಗೆ ಉಪಕಾರ ಮಾಡುತ್ತಾನೆ.

ಗುದ್ದಲಿ ಪೂಜೆಯಲ್ಲಿ ನಮ್ಮ ಹಿರಿಯರು ಭೂಮಿತಾಯಿಯ ಅಪ್ಪಣೆ ಕೇಳಿದರು. ನೆಲ ಕೊಡುವ ಉತ್ತರವನ್ನು ಆಲಿಸಲು ಇಂದು ನಮಗೊಂದು ಕಿವಿಯೂ ದೊರೆತಿದೆ. ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಅಗೆಯುವವರ ಧರ್ಮ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೆಸರಘಟ್ಟದ ಕೆರೆಯ ನೀರು ಬೆಂಗಳೂರಿಗೆ ಬಂದುದು ಯಾವಾಗ?
2. ಲೋಹಶೋಧಕಕ್ಕೆ ಸಿಗದ ಯಾವ ಬಗೆಯ ಕೊಳವೆಯನ್ನು ಭೂಭೇದಕ ರೇಡಾರ್ ಪತ್ತೆಮಾಡಬಲ್ಲುದು?
3. ಪರದೆಯ ಮೇಲೆ ಮೂಡುವ ಬಾಗಿದ ಗೆರೆಗೆ ಗಣಿತದಲ್ಲಿ ಏನೆನ್ನುತ್ತಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಡೇಗು ನಗರದ ದುರಂತ ಹೇಗೆ ಸಂಭವಿಸಿತು?
2. ಎರೆಮಣ್ಣಿನಲ್ಲಿ ರೇಡಾರಿನ ಕೆಲಸ ಕಷ್ಟವಾಗಲು ಕಾರಣವೇನು?
3. "ಕಾಣಲಿಲ್ಲವೆಂಬುದು ಬೇರೆ, ಇಲ್ಲವೆಂಬುದು ಬೇರೆ." ಈ ಮಾತನ್ನು ವಿವರಿಸಿರಿ.

ಇ. ಲೆಕ್ಕ ಮಾಡಿರಿ.
ಸ್ಥಿರಾಂಕ 4 ಇರುವ ಒಣಮರಳಿನಲ್ಲಿ ಅಲೆಯೊಂದು ಕೊಳವೆಗೆ ತಾಗಿ 20 ನ್ಯಾನೋಸೆಕೆಂಡುಗಳಲ್ಲಿ ಹಿಂದಿರುಗಿತು. ಕೊಳವೆ ಎಷ್ಟು ಆಳದಲ್ಲಿದೆ?

ಈ. ನಿಮ್ಮ ಶಾಲೆಯ ಮುಂದಿನ ಬೀದಿಯಲ್ಲಿ ನಡೆದು, ನೆಲದೊಳಗೆ ಏನೇನು ಹಾದುಹೋಗಿರಬಹುದೆಂಬುದಕ್ಕೆ ಕಾಣುವ ಕುರುಹುಗಳನ್ನು ಗುರುತಿಸಿ ಒಂದು ನಕ್ಷೆ ಬರೆಯಿರಿ.